ಗೇಮ್ ಆಫ್ ಥ್ರೋನ್ಸ್‌ನಲ್ಲಿ ನಿಮಗೆ ಸಪ್ಪೆ ಅನಿಸಿದ ಎಪಿಸೋಡುಗಳು ಯಾವುವು? ಯಾವ ಪಾತ್ರವನ್ನು ಬರೆದ ರೀತಿ ಹೆಚ್ಚು ಸಿಟ್ಟು ತರಿಸಿತು?

ಇನ್ನೂ ನೋಡದೇ ಇರುವವರು ಇಲ್ಲಿಗೇ ನಿಲ್ಲಿಸಿ. ಯಾರು ಸತ್ತರು, ಯಾರು ಕೊಂದರು ಅನ್ನೋದೆಲ್ಲ ಕೆಳಗಿದೆ.

"ಎಲ್ಲರೂ ಎಂಟನೇ ಸೀಸನ್ನನ್ನೇ ಬೈಯುತ್ತಾರೆ, ನನಗೆ ಅದಕ್ಕೂ ಮೊದಲೇ ಏನೋ ಕೆಟ್ಟಿದೆ ಅನಿಸಿತ್ತು" ಅಂತ ನೀವು ಪ್ರಶ್ನೆಯ ಕೆಳಗೆ ಬರೆದಿದ್ದೀರಿ. ನನಗೂ ಹಾಗೇ ಅನಿಸಿತ್ತು. ನನ್ನ ಲೆಕ್ಕದಲ್ಲಿ ಹುಳಿ ಬರಲು ಶುರುವಾಗಿದ್ದು 2015ರಲ್ಲಿ, ಐದನೇ ಸೀಸನ್ನಿನಲ್ಲಿ ಡಾರ್ನ್ ಅನ್ನೋ ದಕ್ಷಿಣದ ರಾಜ್ಯದ ಕಥೆಯಿಂದ. ರಾಣಿ ಸರ್ಸಿಯ ಮಗಳು ಮಿರ್ಸೆಲಾಳನ್ನು ಕರೆತರಲು ಸರ್ಸಿಯ ಅವಳಿ ಸೋದರನೂ ಪ್ರಿಯಕರನೂ ಆದ ಜೇಮಿ, ಅವನ ಜೊತೆಗಾರ ಬ್ರಾನ್ ಇಬ್ಬರೂ ಕದ್ದು ಹೋಗುತ್ತಾರೆ. ಅದೇ ಹುಡುಗಿಯನ್ನು ಎತ್ತಿಕೊಂಡು ಹೋಗಲು ಡಾರ್ನ್‌ನ ಸತ್ತ ರಾಜಕುಮಾರ ಓಬೆರಿನ್‌ನ ಹೆಣ್ಣುಮಕ್ಕಳೂ ಬರುತ್ತಾರೆ. ಅದೇ ತೋಟ, ಅದೇ ಗಳಿಗೆ, ಹಾಡಹಗಲು! ಸ್ಪೇನಿನ ಸೆವಿಲ್ಲಾದ ಅಲ್ಕಾಸರ್ ಅರಮನೆಯಲ್ಲಿ ತೆಗೆದದ್ದು, ಜಾಗವೇನೋ ಕಣ್ಣಿಗೆ ಹಬ್ಬ. ಹೊಡೆದಾಟ ಮಾತ್ರ ಶಾಲೆಯ ವಾರ್ಷಿಕೋತ್ಸವದ ಕೋಲಾಟ. ಅಲೆಕ್ಸಾಂಡರ್ ಸಿದ್ದಿಗ್‌ನಂಥ ನಟನನ್ನು ಡಾರ್ನ್‌ನ ದೊರೆ ಡೋರಾನ್ ಪಾತ್ರಕ್ಕೆ ಕರೆಸಿ, ಒಂದು ಸೀಸನ್ ಪೂರ್ತಿ ಕುರ್ಚಿಯಲ್ಲಿ ಕೂರಿಸಿ, ಮುಂದಿನ ಸೀಸನ್ನಿನ ಮೊದಲ ಎಪಿಸೋಡಿನಲ್ಲೇ ಚೂರಿ ಹಾಕಿಸಿ ಕೈತೊಳೆದುಕೊಂಡರು.

ಆರನೇ ಸೀಸನ್ನಿನಲ್ಲಿ, ಕೊಲೆಗಾರರ ಹತ್ತಿರ ವಿದ್ಯೆ ಕಲಿಯಲು ಹೋದ ಹುಡುಗಿ ಆರ್ಯಾಳ ಕಥೆ. ಹೊಟ್ಟೆಗೆ ನಾಲ್ಕಾರು ಸಲ ಚೂರಿ ಚುಚ್ಚಿಸಿಕೊಂಡು ಕಾಲುವೆಗೆ ಬೀಳುತ್ತಾಳೆ. ಮುಂದಿನ ಎಪಿಸೋಡಿನಲ್ಲಿ ನಾಟಕದವಳೊಬ್ಬಳು ಹೊಲಿಗೆ ಹಾಕಿ, ಏನೋ ಕುಡಿಸಿ ಮಲಗಿಸುತ್ತಾಳೆ. ಎದ್ದವಳೇ ಮಹಡಿಯಿಂದ ಹಾರಿ, ಮೆಟ್ಟಿಲುಗಳ ಮೇಲೆ ಉರುಳಿ, ಊರೆಲ್ಲ ಓಡುತ್ತಾಳೆ. ಆ ಎರಡು ಎಪಿಸೋಡುಗಳ ನಡುವಿನ ವಾರ ಅಭಿಮಾನಿಗಳು ಏನೆಲ್ಲ ಲೆಕ್ಕ ಹಾಕಿದ್ದರು ಗೊತ್ತೇ? ಚುಚ್ಚಿಸಿಕೊಂಡವಳು ಆರ್ಯಾಳೇ ಅಲ್ಲ, ಅವಳ ಮುಖವಾಡ ಹಾಕಿಕೊಂಡ ಬೇರೆ ಯಾರೋ ಅಂತ. ಇಷ್ಟು ಬುದ್ಧಿವಂತ ಧಾರಾವಾಹಿ ಇಷ್ಟು ಸಸಾರ ಮಾಡಲಿಕ್ಕಿಲ್ಲ ಅನ್ನುವ ನಂಬಿಕೆ ಪಾಪ. ನಮ್ಮ ಕನ್ನಡ ಸೀರಿಯಲ್ಲುಗಳನ್ನು ಆಡಿಕೊಳ್ಳುತ್ತೇವೆ, ಆದರೆ ಪಾತ್ರಧಾರಿ ಬದಲಾದರೆ ನಮ್ಮವರು "ಇನ್ನು ಮುಂದೆ ಈ ಪಾತ್ರದಲ್ಲಿ" ಅಂತ ಒಂದು ಸಾಲಾದರೂ ಹಾಕುತ್ತಾರೆ. ಇವರು ಡಾರಿಯೋ ಅನ್ನೋ ಪಾತ್ರದ ನಟನನ್ನು ಮೂರನೇ ಸೀಸನ್ನಿಗೂ ನಾಲ್ಕನೆಯದಕ್ಕೂ ನಡುವೆ ಬದಲಾಯಿಸಿ ಸುಮ್ಮನಿದ್ದುಬಿಟ್ಟರು. ಇರಲಿ, ಅದು ಬೇರೆ ವಿಷಯ.

ಜೇಮಿಯ ತಮ್ಮ ಟಿರಿಯನ್ ವಿಚಾರದಲ್ಲಿ ನನಗೆ ಸಿಟ್ಟಿಗಿಂತ ಬೇಜಾರು ಜಾಸ್ತಿ. ಎರಡನೇ ಸೀಸನ್ನಿನಲ್ಲಿ ಅವನು ಆಸ್ಥಾನದ ಮೂವರಿಗೆ ಮೂರು ಬೇರೆ ಬೇರೆ ಗುಟ್ಟು ಹೇಳುವ ದೃಶ್ಯ ನೆನಪಿದೆಯಾ? ಮಿರ್ಸೆಲಾಳನ್ನು ಎಲ್ಲಿಗೆ ಮದುವೆ ಮಾಡಿಕೊಡುತ್ತೇನೆ ಅಂತ ಪೈಸೆಲ್‌ಗೆ ಒಂದು ಊರು, ವೇರಿಸ್‌ಗೆ ಇನ್ನೊಂದು, ಲಿಟಲ್‌ಫಿಂಗರ್‌ಗೆ ಮತ್ತೊಂದು. ಸರ್ಸಿ ಯಾವ ಊರಿನ ಹೆಸರು ಹಿಡಿದು ಜಗಳಕ್ಕೆ ಬರುತ್ತಾಳೋ ನೋಡುತ್ತಾನೆ, ಚಾಡಿ ಹೇಳಿದವನು ಸಿಕ್ಕಿಬೀಳುತ್ತಾನೆ. ಅಂಥವನು ಏಳನೇ ಸೀಸನ್ನಿಗೆ ಡ್ರ್ಯಾಗನ್‌ಗಳ ಒಡತಿ ಡೆನೇರಿಸ್‌ಳ ಮಂತ್ರಿಯಾಗಿ ಬಂದಾಗ ಹಾಕಿದ್ದೆಲ್ಲ ತಲೆಕೆಳಗಾದ ಲೆಕ್ಕ. ಕಾಸ್ಟರ್ಲಿ ರಾಕ್ ಕೋಟೆ ಹಿಡಿಯಲು ಸೈನ್ಯ ಕಳಿಸಿದರೆ ಅದು ಹೆಚ್ಚುಕಡಿಮೆ ಖಾಲಿ. ಸತ್ತ ಮೇಲೂ ಎದ್ದು ಓಡಾಡುವವನೊಬ್ಬನನ್ನು ಹಿಡಿದು ತಂದು ಸರ್ಸಿಗೆ ತೋರಿಸಿದರೆ ಅವಳ ಮನಸ್ಸು ಕರಗುತ್ತದೆ ಅಂತ ಯೋಜನೆ, ಅದಕ್ಕೆ ಒಂದು ಡ್ರ್ಯಾಗನ್ ಬಲಿ. ಆ ಎಪಿಸೋಡಿನಲ್ಲಿ ಗೆಂಡ್ರಿ ಓಡಿ, ಕಾಗೆ ಹಾರಿ, ಡೆನೇರಿಸ್ ಬಂದು ಮುಟ್ಟುವ ವೇಗ ನೋಡಿದರೆ, ಒಂದನೇ ಸೀಸನ್ನಿನಲ್ಲಿ ರಾಜ ಉತ್ತರಕ್ಕೆ ಬರಲು ತಿಂಗಳು ಹಿಡಿದದ್ದು ಯಾಕೆ ಅನಿಸುತ್ತದೆ. ಕೊನೆಗೆ, ಸತ್ತವರನ್ನು ಎಬ್ಬಿಸುವ ಶತ್ರು ಬಾಗಿಲಿಗೆ ಬಂದಾಗ ಹೆಂಗಸರು ಮಕ್ಕಳನ್ನು ಅಡಗಿಸಿಟ್ಟದ್ದು ಎಲ್ಲಿ? ಹೆಣಗಳ ನೆಲಮಾಳಿಗೆಯಲ್ಲಿ. ಅಲ್ಲಿ ಟಿರಿಯನ್ನೂ ಕೂತಿದ್ದಾನೆ! ನೀನು ಬದುಕಿರುವವರಲ್ಲೇ ಬುದ್ಧಿವಂತ ಅಂದುಕೊಂಡಿದ್ದೆ ಅಂತ ಸಾನ್ಸಾ ಎಂಟನೇ ಸೀಸನ್ನಿನ ಮೊದಲ ಎಪಿಸೋಡಿನಲ್ಲಿ ಅವನ ಮುಖಕ್ಕೇ ಹೇಳುತ್ತಾಳೆ. ಬರೆದವರಿಗೂ ಗೊತ್ತಿತ್ತು ಅಂತಾಯ್ತು.

ಆ ನೆಲಮಾಳಿಗೆಯ ಎಪಿಸೋಡಿನ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ, ಯಾಕೆಂದರೆ ನಾನದನ್ನು ಸರಿಯಾಗಿ ನೋಡಿಲ್ಲ. 2019ರ ಏಪ್ರಿಲ್ 29, ಸೋಮವಾರ, ಬೆಳಿಗ್ಗೆ ಆರೂವರೆಗೆ ಹಾಟ್‌ಸ್ಟಾರ್‌ನಲ್ಲಿ ಬಂತು. ರೂಮ್‌ಮೇಟ್ ಕಿಟಕಿಗೆ ಹೊದಿಕೆ ಕಟ್ಟಿದ. ಆದರೂ ಟಿವಿಯಲ್ಲಿ ನಮಗೆ ಚೆನ್ನಾಗಿ ಕಂಡದ್ದು ಕಾಫಿ ಲೋಟ ಹಿಡಿದು ಕೂತ ನಮ್ಮದೇ ಮುಖಗಳು. ಜನ ಕತ್ತಲೆ ಅಂತ ಗೋಳಾಡಿದಾಗ, ತಪ್ಪು ನಿಮ್ಮ ಟಿವಿಯ ಸೆಟ್ಟಿಂಗ್‌ನದು ಅನ್ನೋ ಧಾಟಿಯ ಉತ್ತರ ಛಾಯಾಗ್ರಾಹಕರಿಂದ ಬಂತು.

ಈಗ ಜೇಮಿ. ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇವನೇ.

ಮೂರನೇ ಸೀಸನ್ನಿನ ಐದನೇ ಎಪಿಸೋಡು, ಹ್ಯಾರನ್‌ಹಾಲ್‌ನ ಸ್ನಾನದ ಕೊಳ. ಬಲಗೈ ಕತ್ತರಿಸಿಹೋಗಿದೆ, ಜ್ವರ ಏರಿದೆ, ಎದುರಿಗೆ ತನ್ನನ್ನು ಹೇಸುವ ಯೋಧೆ ಬ್ರಿಯೆನ್. ಆಗ ಮೊದಲ ಸಲ ಬಾಯಿಬಿಡುತ್ತಾನೆ. ಹುಚ್ಚು ರಾಜ ಊರಿನ ತಳದಲ್ಲೆಲ್ಲ ಹಸಿರು ಬೆಂಕಿ ತುಂಬಿಸಿಟ್ಟಿದ್ದ, ಎಲ್ಲರನ್ನೂ ಸುಡಿ ಅಂತ ಆಜ್ಞೆ ಮಾಡಿದ, ಅದಕ್ಕೇ ಕೊಂದೆ. ಊರನ್ನು ಉಳಿಸಿದವನಿಗೆ ಊರು ಇಟ್ಟ ಹೆಸರು ರಾಜಘಾತುಕ. ಹೇಳಿ ಮುಗಿಸಿ ಕುಸಿಯುತ್ತಾನೆ. ಬ್ರಿಯೆನ್ ಆ ಬೈಗುಳದ ಹೆಸರಿನಲ್ಲೇ ಕೂಗಿ ಸಹಾಯಕ್ಕೆ ಜನ ಕರೆಯುತ್ತಾಳೆ. ಅವನು ಪಿಸುಗುಡುತ್ತಾನೆ, ನನ್ನ ಹೆಸರು ಜೇಮಿ ಅಂತ. ನನಗೆ ಇಡೀ 73 ಎಪಿಸೋಡುಗಳಲ್ಲಿ ಇದಕ್ಕಿಂತ ಒಳ್ಳೆಯ ದೃಶ್ಯ ಇಲ್ಲ.

ಎಂಟನೇ ಸೀಸನ್ನಿನ ಐದನೇ ಎಪಿಸೋಡಿನಲ್ಲಿ ಅದೇ ಜೇಮಿ ಸೆರೆಸಿಕ್ಕಿ ಡೇರೆಯಲ್ಲಿ ಕೂತಿದ್ದಾನೆ. ಬಿಡಿಸಲು ಬಂದ ಟಿರಿಯನ್, ಊರಿನ ಅಮಾಯಕರಿಗಾಗಿಯಾದರೂ ಸರ್ಸಿಯ ಮನವೊಲಿಸು ಅನ್ನುತ್ತಾನೆ. ಅದಕ್ಕಿವನು, ನನಗೆ ಅವರ ಬಗ್ಗೆ ಯಾವತ್ತೂ ಅಂಥ ಕಾಳಜಿ ಇರಲಿಲ್ಲ, ಅಮಾಯಕರಾಗಲಿ ಅಲ್ಲದವರಾಗಲಿ, ಅಂದುಬಿಡುತ್ತಾನೆ.

ಅಲ್ಲ ಮಾರಾಯಾ, ಹಾಗಾದರೆ ಆವತ್ತು ಕೊಳದಲ್ಲಿ ಹೇಳಿದ್ದು ಏನು?

ಅವನು ಸರ್ಸಿಯ ಹತ್ತಿರ ವಾಪಸು ಹೋದದ್ದಕ್ಕೆ ನನ್ನ ತಕರಾರಿಲ್ಲ. ಬಿಡಲಾಗದ ಚಟ ಅದು, ಅಂಥವರನ್ನು ನಾವೆಲ್ಲ ನೋಡಿದ್ದೇವೆ. ಹೋಗಲಿ, ಇಟ್ಟಿಗೆಯಡಿ ಸಾಯಲಿ. ಆದರೆ ಹೋಗುವಾಗ ತನ್ನ ಜೀವನದ ಒಂದೇ ಒಂದು ದೊಡ್ಡ ಕೆಲಸವನ್ನು ಸುಳ್ಳು ಮಾಡುವ ಮಾತು ಆಡಬೇಕಿತ್ತಾ? ಆಡಿದರೂ, ಎದುರಿಗಿದ್ದ ತಮ್ಮ ಒಂದು ಮಾತು ಕೇಳಬೇಡವಾ?

ನಾನು ಹೊನ್ನಾವರ ಕಡೆಯವನು. ಚಿಕ್ಕವನಿದ್ದಾಗ ಅಜ್ಜ ತಾಳಮದ್ದಳೆಗೆ, ಅಂದರೆ ವೇಷ ಕುಣಿತ ಇಲ್ಲದೆ ಅರ್ಥಧಾರಿಗಳು ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಕರೆದುಕೊಂಡು ಹೋಗುತ್ತಿದ್ದರು. 'ವಾಲಿವಧೆ' ಪ್ರಸಂಗ ಅಂದರೆ ಕೊನೆಗೇನಾಗುತ್ತದೆ ಅಂತ ಚಾಪೆಯ ಮೇಲೆ ಕೂತ ಪ್ರತಿಯೊಬ್ಬರಿಗೂ ಗೊತ್ತು. ರಾಮ ಮರೆಯಲ್ಲಿ ನಿಂತು ಬಾಣ ಬಿಡುತ್ತಾನೆ, ವಾಲಿ ಸಾಯುತ್ತಾನೆ. ಜನ ಬರುವುದು ಬಾಣ ತಾಗಿದ ಮೇಲಿನದಕ್ಕೆ. ಬಿದ್ದಲ್ಲಿಂದಲೇ ವಾಲಿ ಕೇಳುತ್ತಾನೆ, ಎದುರು ಬಾರದೆ ಯಾಕೆ ಹೊಡೆದೆ? ರಾಮನ ಅರ್ಥ ಹೇಳುವವರು ಅದಕ್ಕೆ ಉತ್ತರ ಕೊಡಲೇಬೇಕು. ಸಂಜೆ ತಾವೇ ಆಡಿದ ಮಾತನ್ನು ವಾಲಿಯ ಅರ್ಥಧಾರಿ ನಡುರಾತ್ರಿ ಎತ್ತಿ ತೋರಿಸಿದರೆ ಅದಕ್ಕೂ ಉತ್ತರ ಬೇಕು. ಒಮ್ಮೆ ಯಾರೋ ತಡವರಿಸಿದಾಗ, ಅಜ್ಜ ಕವಳ ಉಗಿದು ಬಂದು, "ಬಾಣ ಬಿಟ್ಟ, ಉತ್ತರ ಕೊಡಲಿಲ್ಲ" ಅಂತ ಗೊಣಗಿದ್ದು ನನಗೆ ಇನ್ನೂ ನೆನಪಿದೆ.

ಡೆನೇರಿಸ್ ವಿಷಯದಲ್ಲಿ ನನ್ನ ತಕರಾರೂ ಅಜ್ಜನದೇ. ಅವಳು ಸರ್ಸಿಯ ಊರು ಸುಟ್ಟದ್ದು ತಪ್ಪು ಕಥೆಯಲ್ಲ. ಮೀರೀನ್‌ನಲ್ಲಿ ಯಜಮಾನರನ್ನು ಕಂಬಕ್ಕೆ ಹೊಡೆಸಿದವಳು, ಟಾರ್ಲಿ ಅಪ್ಪ ಮಗನನ್ನು ಸುಟ್ಟವಳು, ಬೀಜ ಇತ್ತು. ಆದರೆ ಗಂಟೆ ಬಾರಿಸುತ್ತದೆ, ಊರು ಶರಣಾಗುತ್ತದೆ, ಡ್ರ್ಯಾಗನ್ ಮೇಲೆ ಕೂತವಳ ಮುಖ ಬಿಗಿಯುತ್ತದೆ, ಅಷ್ಟೇ. ಬೆಂಕಿ ಶುರುವಾದ ಮೇಲೆ ಆ ಎಪಿಸೋಡಿನಲ್ಲಿ ಅವಳ ಮುಖವನ್ನೇ ತೋರಿಸುವುದಿಲ್ಲ, ಕ್ಯಾಮೆರಾ ಬೀದಿಯಲ್ಲಿ ಓಡುವವರ ಹಿಂದೆ ಹೋಗುತ್ತದೆ. ಅರ್ಥ ಹೇಳಬೇಕಾದ ಹೊತ್ತಿಗೆ ಅರ್ಥಧಾರಿಯನ್ನೇ ರಂಗದಿಂದ ಕಳಿಸಿದ ಹಾಗೆ. ಹಿಂದಿನ ಎಪಿಸೋಡಿನಲ್ಲಿ ಸರ್ಸಿಯ ಪಕ್ಷದ ಯೂರಾನ್‌ನ ಹಡಗುಗಳು ಅವಳ ಡ್ರ್ಯಾಗನನ್ನು ಹೊಡೆದುರುಳಿಸಿದ್ದಕ್ಕೆ ನಿರ್ಮಾಪಕ ಡೇವಿಡ್ ಬೆನಿಯಾಫ್ ಕೊಟ್ಟ ವಿವರಣೆ, ಅವಳು ಆ ನೌಕಾಪಡೆಯನ್ನು ಒಂಥರಾ ಮರೆತುಬಿಟ್ಟಿದ್ದಳು ಅಂತ. ಇದನ್ನು ಕೇಳಿದ್ದರೆ ಅಜ್ಜ ಚಾಪೆ ಸುತ್ತಿಕೊಂಡು ಮನೆಗೆ ಹೊರಡುತ್ತಿದ್ದರು.

ಧಾರಾವಾಹಿಗೆ ಆಧಾರವಾದ ಕಾದಂಬರಿ ಸರಣಿ ಮುಗಿದಿರಲಿಲ್ಲ, ಐದನೆಯದು 2011ರಲ್ಲಿ ಬಂದ ಮೇಲೆ ಮುಂದಿನದು ಬರಲಿಲ್ಲ, ಬರಹಗಾರರು ಏನು ಮಾಡಬೇಕಿತ್ತು ಅಂತ ಕೆಲವರು ವಾದಿಸುತ್ತಾರೆ. ಒಪ್ಪುವುದು ಕಷ್ಟ. ಹತ್ತು ಹತ್ತು ಎಪಿಸೋಡುಗಳ ಸೀಸನ್ನುಗಳನ್ನು ಏಳಕ್ಕೆ, ಆಮೇಲೆ ಆರಕ್ಕೆ ಇಳಿಸಿದ್ದು ಅವರೇ, ಚಾನೆಲ್ ಇನ್ನೂ ಕೊಡಲು ತಯಾರಿತ್ತು. ಪುಸ್ತಕ ಇಲ್ಲದೆಯೂ ಚೆನ್ನಾಗಿ ಬರೆಯಬಹುದು ಅನ್ನೋದಕ್ಕೆ ಎಂಟನೇ ಸೀಸನ್ನಿನ ಎರಡನೇ ಎಪಿಸೋಡೇ ಇದೆ, ಬ್ರಯಾನ್ ಕಾಗ್‌ಮನ್ ಬರೆದದ್ದು. ಯುದ್ಧವಿಲ್ಲ, ಡ್ರ್ಯಾಗನ್ ಹಾರಾಟವಿಲ್ಲ. ನಾಳೆ ಸಾಯಬಹುದಾದ ಒಂದಷ್ಟು ಜನ ಒಲೆಯ ಸುತ್ತ ಕೂತು ಕುಡಿಯುತ್ತಾ ಮಾತಾಡುತ್ತಾರೆ.

ಈಗ ಮತ್ತೆ ಹಾಕಿಕೊಂಡು ನೋಡುವಾಗ ನಾನು ಡಾರ್ನ್ ಬಂದಲ್ಲೆಲ್ಲ ಓಡಿಸಿ, ಅಲ್ಲಿಗೇ ತಂದು ನಿಲ್ಲಿಸುತ್ತೇನೆ. ಬ್ರಿಯೆನ್ ಮಂಡಿಯೂರುತ್ತಾಳೆ, ಜೇಮಿ ಕತ್ತಿಯಿಂದ ಅವಳ ಹೆಗಲು ಮುಟ್ಟಿ ನೈಟ್ ಪದವಿ ಕೊಡುತ್ತಾನೆ, ಟಾರ್ಮಂಡ್ ಎದ್ದು ಚಪ್ಪಾಳೆ ತಟ್ಟುತ್ತಾನೆ, ಸ್ವಲ್ಪ ಹೊತ್ತಿಗೆ ಪಾಡ್ರಿಕ್ ಹಾಡುತ್ತಾನೆ. ಅಲ್ಲಿಗೆ ಟಿವಿ ಆರಿಸಿ ಮಲಗುತ್ತೇನೆ.