ಹಳೆ ಮಲಯ್ ಮನೆಗಳ ಫೋಟೋ ಎಲ್ಲಿ ತೆಗೀಬಹುದು?

ಕ್ವಾಲಾಲಂಪುರದಲ್ಲಿ ಎರಡೇ ದಿನ ಇರ್ತೀನಿ, ಹಳೆ ಮಲಯ್ ಮರದ ಮನೆಗಳ ಫೋಟೋ ಎಲ್ಲಿ ತೆಗೀಲಿ ಅಂತ ಕೇಳಿದ್ದೀರಿ. ಒಂದು ದಿನ ಮಲಾಕ್ಕಾ ಊರಿಗೆ ಇಡಿ, ಬಸ್ಸಲ್ಲಿ ಎರಡು ಗಂಟೆ ಚಿಲ್ಲರೆ. ಅಲ್ಲಿ ನದಿ ದಂಡೆಯ ಕಂಪುಂಗ್ ಮೊರ್ಟೆನ್ ಅನ್ನೋ ಮಲಯ್ ಹಳ್ಳಿಯಲ್ಲಿ ಜನ ಇನ್ನೂ ವಾಸ ಇದ್ದಾರೆ, ಕೇಳದೆ ಜಗಲಿ ಹತ್ತಬೇಡಿ. ಎದುರಿನ ಮೆಟ್ಟಿಲನ್ನಂತೂ ಬಿಡಬೇಡಿ: ಮನೆಯೆಲ್ಲ ಮರ, ಮೆಟ್ಟಿಲು ಮಾತ್ರ ಗಾರೆಯದ್ದು, ಅದರ ಮುಖಕ್ಕೆ ಹೂವಿನ ಚಿತ್ರದ ಬಣ್ಣಬಣ್ಣದ ಟೈಲ್ಸ್. ಸೂರು ಮುಂದಕ್ಕೆ ಚಾಚಿರುವುದರಿಂದ ಮಧ್ಯಾಹ್ನ ಜಗಲಿ ಕಪ್ಪಾಗಿ ಬಿಡುತ್ತದೆ, ಬೆಳಿಗ್ಗೆ ಬೇಗ ಹೋಗಿ. ಇನ್ನೊಂದು ದಿನ ಕಂಪುಂಗ್ ಬಾರು, ಕ್ವಾಲಾಲಂಪುರದ ಒಳಗೇ ಇರುವ ಹಳೆ ಮಲಯ್ ಬಡಾವಣೆ. ಮರದ ಮನೆ ಹಿಂದೆ ಪೆಟ್ರೋನಾಸ್ ಗೋಪುರ ಕಾಣುವ ಫೋಟೋ ಎಲ್ಲರೂ ತೆಗೆಯುತ್ತಾರೆ, ನನಗಂತೂ ನೋಡಿ ನೋಡಿ ಸಾಕಾಗಿದೆ. ಅದರ ಬದಲು ಹತ್ತಿರ ಹೋಗಿ, ಗಾಳಿಯಾಡಲಿ ಅಂತ ಕಿಟಕಿ ಮೇಲೆ ಕೊರೆದ ಹಲಗೆಗಳ ಫೋಟೋ ತೆಗೀರಿ. ಟೈಮಿದ್ದರೆ ಕ್ವಾಲಾಲಂಪುರದಲ್ಲೇ ಸ್ಟೋನರ್ ರಸ್ತೆಯ ಅಬು ಸೆಮನ್ ಅನ್ನೋ ಹಳ್ಳಿ ಮುಖಂಡನ ಮನೆಯನ್ನೂ ನೋಡಿ, ಕೆಡಾ ರಾಜ್ಯದಲ್ಲಿ ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದ್ದು ಅದು. ತೆರೆದಿದೆಯಾ ಅಂತ ಮೊದಲೇ ಕೇಳಿಕೊಳ್ಳಿ.