ಹೊಲ್ಗಾ ಕ್ಯಾಮೆರಾ ತಗೊಳ್ಳೋದು ದಂಡವಾ? ಮೊದಲ ರೀಲು ಹೇಗೆ ತೆಗೀಬೇಕು?

ನಿಮ್ಮ ಪ್ರಶ್ನೆ ಇಷ್ಟು: ಯಾರೋ ಬಳಸಿದ ಹೊಲ್ಗಾ, ಅಂದರೆ ಫಿಲ್ಮ್ ರೀಲು ಹಾಕುವ ಅಗ್ಗದ ಪ್ಲಾಸ್ಟಿಕ್ ಕ್ಯಾಮೆರಾ, ಒಂದು ಸಿಗ್ತಿದೆ. ಮೊಬೈಲಲ್ಲೇ ಫೋಟೋ ಆ ಥರ ಕಾಣೋ ಹಾಗೆ ಮಾಡುವ ಫಿಲ್ಟರ್ ಪುಕ್ಕಟೆ ಇರುವಾಗ ಈ ಪ್ಲಾಸ್ಟಿಕ್ ಡಬ್ಬಿಗೆ ದುಡ್ಡು ಹಾಕೋದು ದಂಡವಾ, ತಗೊಂಡರೆ ಶುರು ಮಾಡೋದು ಹೇಗೆ.

ತಗೊಳ್ಳಿ. ಆದರೆ ತಗೊಂಡ ಮೇಲೆ ಐದಾರು ರೀಲು ಅದೊಂದರಲ್ಲೇ ತೆಗೀರಿ. ಈ ಹವ್ಯಾಸಕ್ಕೆ ಬಂದವರಲ್ಲಿ ತುಂಬಾ ಜನ ಒಂದು ರೀಲು ಹೊಲ್ಗಾ, ಇನ್ನೊಂದು ರೀಲು ಬೇರೆ ಯಾವುದೋ, ಮತ್ತೊಂದು ಅವಧಿ ಮುಗಿದ ಫಿಲ್ಮ್ ಅಂತ ಹಾರಿಕೊಂಡು ಹೋಗ್ತಾರೆ, ಆರು ತಿಂಗಳಿಗೆ ಬೇಜಾರಾಗಿ ಬಿಟ್ಟುಬಿಡ್ತಾರೆ. ಅಗ್ಗದ ಕ್ಯಾಮೆರಾದ ದೋಷ ಅನ್ನೋದು ಆ ಒಂದು ಕ್ಯಾಮೆರಾದ್ದೇ ಆಗಿರುತ್ತೆ. ನನ್ನದರಲ್ಲಿ ಬಲಗಡೆ ಕೆಳಮೂಲೆಯಿಂದ ಬೆಳಕು ಸೋರುತ್ತೆ, ನನ್ನ ಗೆಳೆಯನದರಲ್ಲಿ ಮೇಲಿಂದ. ಆ ಸೋರಿಕೆ ಎಲ್ಲಿ, ಯಾವ ಬಿಸಿಲಲ್ಲಿ, ಎಷ್ಟು ಹೊತ್ತಿಗೆ ಅಂತ ಗೊತ್ತಾಗೋವರೆಗೂ ಅದು ಬರೀ ಹಾಳಾದ ಫೋಟೋ. ಗೊತ್ತಾದ ಮೇಲೆ ಅದನ್ನು ನಾವೇ ಬೇಕಾದ ಕಡೆ ಬಳಸಬಹುದು.

ಮೊಬೈಲ್ ಫಿಲ್ಟರ್‌ಗೂ ಇದಕ್ಕೂ ವ್ಯತ್ಯಾಸ ಇರೋದು ಇಲ್ಲೇ. ಫಿಲ್ಟರ್ ಎಲ್ಲ ಫೋಟೋ ಮೇಲೂ ಒಂದೇ ಅಚ್ಚು ಒತ್ತುತ್ತೆ. ಹೊಲ್ಗಾದ ಲೆನ್ಸ್ ಒಂದೇ ಒಂದು ತುಂಡು ಪ್ಲಾಸ್ಟಿಕ್. ಒಳ್ಳೆ ಲೆನ್ಸ್‌ಗಳಲ್ಲಿ ನಾಲ್ಕಾರು ಗಾಜು ಸೇರಿಸಿ ಒಂದರ ದೋಷ ಇನ್ನೊಂದರಿಂದ ತಿದ್ದಿರ್ತಾರೆ. ಇಲ್ಲಿ ತಿದ್ದೋಕೆ ಯಾರೂ ಇಲ್ಲ. ಅದಕ್ಕೇ ನಡುವೆ ಚೂಪಾಗಿ ಕಂಡದ್ದು ಅಂಚಿಗೆ ಹೋಗ್ತಾ ಕರಗುತ್ತೆ, ಮೂಲೆಗಳು ಕಪ್ಪಾಗ್ತವೆ, ಬಿಳಿ ಗೋಡೆಯ ಅಂಚಿನಲ್ಲಿ ಬಣ್ಣ ಸ್ವಲ್ಪ ಬಿಡಿಸಿಕೊಳ್ಳುತ್ತೆ. ಇವೆಲ್ಲ ಎಷ್ಟು ಅನ್ನೋದು ಸೂರ್ಯ ಎಲ್ಲಿದ್ದ, ನೀವು ಎಷ್ಟು ದೂರ ನಿಂತಿದ್ರಿ ಅನ್ನೋದರ ಮೇಲೆ ಹೋಗುತ್ತೆ.

ಬೆಳಕಿನ ಸೋರಿಕೆ ಇನ್ನೂ ಸ್ವಾರಸ್ಯ. ಹೊಲ್ಗಾದ ಹಿಂಬದಿಯಲ್ಲಿ ಒಂದು ಕೆಂಪು ಕಿಟಕಿ ಇದೆ, ಫಿಲ್ಮ್ ಹಿಂದಿನ ಕಾಗದದ ಮೇಲಿನ ನಂಬರ್ ಅದರಲ್ಲಿ ನೋಡಿಕೊಂಡೇ ಮುಂದಕ್ಕೆ ತಿರುಗಿಸಬೇಕು. ಸುತ್ತಿಯಾದ ಮೇಲೆ ಆ ಫ್ರೇಮ್ ಕ್ಲಿಕ್ ಆಗದೆ ಬಿಸಿಲಲ್ಲಿ ಎಷ್ಟು ಹೊತ್ತು ಕೂತಿರುತ್ತೋ ಅಷ್ಟು ಬೆಳಕು ಸಂದುಗಳಿಂದ ಕುಡಿಯುತ್ತೆ. ಶ್ರೀರಂಗಪಟ್ಟಣದ ಸ್ನಾನಘಟ್ಟದ ಕಲ್ಲಿನ ಮೇಲೆ ಕ್ಯಾಮೆರಾ ಇಟ್ಟು, ತೆಪ್ಪದವನು ವಾಪಸ್ ಬರಲಿ ಅಂತ ಅರ್ಧ ಗಂಟೆ ಕಾದಿದ್ದೆ. ಆ ಫ್ರೇಮಿನಲ್ಲಿ ಮಾತ್ರ ಕಿತ್ತಳೆ ಬಣ್ಣದ ದಪ್ಪ ಪಟ್ಟಿ, ಅದರ ಹಿಂದಿನದು ಮುಂದಿನದು ಎರಡೂ ಸ್ವಚ್ಛ. ನಾನು ಕಾದ ಅರ್ಧ ಗಂಟೆ ಆ ನೆಗೆಟಿವ್‌ನಲ್ಲಿ ಕೂತಿದೆ. ಇದನ್ನು ಯಾವ ಆ್ಯಪ್ ಹಾಕಿಕೊಡುತ್ತೆ ಹೇಳಿ.

ಈ ಕ್ಯಾಮೆರಾವನ್ನು ಕಲೆಗೋಸ್ಕರ ಯಾರೂ ಮಾಡಿದ್ದಲ್ಲ. ಹಾಂಗ್‌ಕಾಂಗ್‌ನ ಟಿ. ಎಂ. ಲೀ ಇದನ್ನು ರೂಪಿಸಿದರು, 1982ರಲ್ಲಿ ಮಾರುಕಟ್ಟೆಗೆ ಬಂತು. ಚೀನಾದ ಸಾಮಾನ್ಯ ಸಂಸಾರಗಳು ಮನೆಮಂದಿಯ ಫೋಟೋ ತೆಗೆದುಕೊಳ್ಳಲಿ ಅನ್ನೋದು ಉದ್ದೇಶ. ಹೊಲ್ಗಾಗೆ ಹಾಕುವ 120 ಫಿಲ್ಮ್, ಅಂದರೆ ಹಿಂದೆ ಕಾಗದ ಇರುವ ಅಗಲದ ರೀಲು, ಅಲ್ಲಿ ಆಗ ಎಲ್ಲೆಲ್ಲೂ ಸಿಗ್ತಿತ್ತು. ಕ್ಯಾಂಟನೀಸ್ ಭಾಷೆಯಲ್ಲಿ 'ಹೋ ಗ್ವಾಂಗ್' ಅಂದರೆ ತುಂಬಾ ಬೆಳಕು, ಹೆಸರು ಅದರಿಂದ ಬಂತು. ಆಮೇಲೆ 35 ಎಂಎಂ ಅನ್ನೋ ಸಣ್ಣ ರೀಲು ಹರಡಿಕೊಂಡು ಸಂಸಾರದವರು ಇದನ್ನು ಬಿಟ್ಟರು, ಫೋಟೋಗ್ರಾಫರ್‌ಗಳು ಹಿಡಿದುಕೊಂಡರು. ಡೇವಿಡ್ ಬರ್ನೆಟ್ 2000ದ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ಅಲ್ ಗೋರ್ ಪ್ರಚಾರವನ್ನು ಹೊಲ್ಗಾದಲ್ಲಿ ತೆಗೆದರು, ಆ ಚಿತ್ರಕ್ಕೆ ಶ್ವೇತಭವನದ ಸುದ್ದಿ ಛಾಯಾಗ್ರಾಹಕರ ಸಂಘದ ಬಹುಮಾನ ಬಂತು. 2015ರಲ್ಲಿ ತಯಾರಿಕೆ ನಿಂತು, 2017ರಲ್ಲಿ ಮತ್ತೆ ಶುರುವಾಯಿತು.

ನಮ್ಮಲ್ಲೂ ಈ ಜಾತಿ ಹೊಸದಲ್ಲ. ಆಗ್ಫಾ ಕ್ಲಿಕ್ ಥ್ರೀ ಭಾರತದಲ್ಲೇ ತಯಾರಾಗ್ತಿತ್ತು. ಅದಕ್ಕೂ ಇದೇ 120 ರೀಲು, ಇದೇ 12 ಚೌಕ ಫೋಟೋ. ನಿಮ್ಮ ಮನೆ ಅಟ್ಟದ ಮೇಲೆ, ಅಜ್ಜನ ಟ್ರಂಕಿನಲ್ಲಿ ಒಮ್ಮೆ ಹುಡುಕಿ. ಸಿಕ್ಕಿ, ಗುಂಡಿ ಒತ್ತಿದಾಗ ಶಟರ್ ಟಕ್ ಅಂದರೆ, ಹೊಲ್ಗಾ ಕೊಳ್ಳೋದೇ ಬೇಡ.

ಈಗ ದುಡ್ಡಿನ ಮಾತು. ಕ್ಯಾಮೆರಾ ಅಗ್ಗ, ಹವ್ಯಾಸ ಅಗ್ಗ ಅಲ್ಲ. ಒಂದು 120 ಕಲರ್ ರೀಲು, ಅದನ್ನು ತೊಳೆಸಿ ಸ್ಕ್ಯಾನ್ ಮಾಡಿಸೋದು ಎಲ್ಲ ಸೇರಿ ಸಾವಿರ ರೂಪಾಯಿ ದಾಟುತ್ತೆ, ಸಿಗೋದು 12 ಫೋಟೋ. ಅಂದರೆ ಒಂದೊಂದು ಕ್ಲಿಕ್ಕಿಗೂ ಎಂಬತ್ತರ ಆಚೆ. ಇದು ಭಾರ ಅನ್ನಿಸಿದರೆ ಮನೆಯಲ್ಲಿ ಬಿದ್ದಿರೋ ಯಾಶಿಕಾ ಎಂಎಫ್-2 ಅಥವಾ ಕೊಡಾಕ್ ಕೆಬಿ-10 ಥರದ 35 ಎಂಎಂ ಕ್ಯಾಮೆರಾದಿಂದ ಶುರು ಮಾಡಿ. ಅದರಲ್ಲಿ 36 ಬರುತ್ತೆ. ಸೆಲ್ ಹಾಕುವ ಜಾಗದಲ್ಲಿ ಹಸಿರು ಕಿಲುಬು ಹಿಡಿದಿದೆಯಾ ಅಂತ ಮೊದಲು ನೋಡಿ.

ಹೊಲ್ಗಾನೇ ತಗೊಂಡರೆ, ರೀಲು ಹಾಕೋ ಮುಂಚೆ ಎರಡು ವಸ್ತು ಇಟ್ಟುಕೊಳ್ಳಿ: ಎಲೆಕ್ಟ್ರಿಕಲ್ ಅಂಗಡಿಯ ಕಪ್ಪು ಇನ್ಸುಲೇಷನ್ ಟೇಪು, ಮದುವೆ ಕಾಗದದಷ್ಟು ದಪ್ಪದ ಒಂದು ತುಂಡು ರಟ್ಟು. ಟೇಪು ಯಾಕೆ ಅಂದರೆ, ಹಿಂಬದಿಯ ಮುಚ್ಚಳ ಪಕ್ಕದ ಎರಡು ತಗಡಿನ ಕ್ಲಿಪ್ಪುಗಳ ಮೇಲೆ ನಿಂತಿರುತ್ತೆ, ಕುತ್ತಿಗೆ ಪಟ್ಟಿಯೂ ಅದಕ್ಕೇ ಕಟ್ಟಿರುತ್ತೆ. ನಡೀತಾ ನಡೀತಾ ಕ್ಲಿಪ್ಪು ಮೇಲಕ್ಕೆ ಜಾರಿ ಮುಚ್ಚಳ ಕಳಚಿ ಬಿತ್ತು ಅಂದರೆ ಇಡೀ ರೀಲಿಗೆ ಬೆಳಕು ಹೊಡೀತು. ನನಗೆ ಸಿಟಿ ಬಸ್ಸಿನ ಮೆಟ್ಟಿಲ ಮೇಲೆ ಹಾಗಾಗಿ ಒಂಬತ್ತು ಫ್ರೇಮು ಹೋದವು. ಅವತ್ತಿನಿಂದ ಎರಡೂ ಕ್ಲಿಪ್ಪಿನ ಮೇಲೆ ಟೇಪು ಸುತ್ತದೆ ಮನೆ ಬಿಟ್ಟಿಲ್ಲ. ರಟ್ಟು ಯಾಕೆ ಅಂದರೆ, ಹೊಲ್ಗಾ ಫಿಲ್ಮನ್ನು ಬಿಗಿಯಾಗಿ ಸುತ್ತಲ್ಲ. ಸಡಿಲವಾದ ಸುರುಳಿಯ ಅಂಚಿನಲ್ಲಿ ಬೆಳಕು ನುಗ್ಗುತ್ತೆ. ರಟ್ಟನ್ನು ಮಡಿಸಿ ಹೊಸ ರೀಲಿನ ಕೆಳಗೆ, ಸ್ಪೂಲಿಗೆ ತಗಲುವ ಹಾಗೆ ಒತ್ತಿ ಇಡಿ. ತಿರುಗಿಸುವಾಗ ಕೈಗೆ ಸ್ವಲ್ಪ ಬಿಗಿ ತಿಳೀಬೇಕು, ಅಷ್ಟು ಸಾಕು. ರೀಲು ಮುಗಿದು ಹೊರಗೆ ತೆಗೆಯುವಾಗ ನೆರಳಲ್ಲಿ ನಿಂತುಕೊಳ್ಳಿ.

ಬಿಸಿಲು, ಮೋಡ ಅಂತ ಚಿತ್ರ ಇರೋ ಗುಂಡಿ ನಂಬಿ ಕೂರಬೇಡಿ. ಹಳೆಯ ಹೊಲ್ಗಾಗಳಲ್ಲಿ ಅದನ್ನು ಆಚೆ ಈಚೆ ತಳ್ಳಿದರೂ ಒಳಗೆ ಬೆಳಕಿನ ದ್ವಾರ ಬದಲಾಗ್ತಾನೇ ಇರಲಿಲ್ಲ. ಶಟರ್ ವೇಗವೂ ಒಂದೇ, ಸುಮಾರು ಸೆಕೆಂಡಿನ ನೂರನೇ ಒಂದು ಭಾಗ. ಹಾಗಾಗಿ ನಿಮ್ಮ ಕೈಯಲ್ಲಿ ನಿಜವಾಗಿ ಇರೋದು ಫಿಲ್ಮಿನ ಆಯ್ಕೆ ಮಾತ್ರ. ಮೈಸೂರು, ಬಳ್ಳಾರಿ ಕಡೆಯ ನೆತ್ತಿ ಬಿಸಿಲಿಗೆ ಐಎಸ್ಒ (ಫಿಲ್ಮು ಬೆಳಕನ್ನು ಎಷ್ಟು ಬೇಗ ಹಿಡಿಯುತ್ತೆ ಅನ್ನೋ ಅಳತೆ) 100 ಸಾಕು. ಮೋಡದ ದಿನಕ್ಕೆ, ಮಲೆನಾಡಿನ ಮಳೆಗಾಲಕ್ಕೆ, ಸಂಜೆಗೆ 400 ಬೇಕೇ ಬೇಕು. ಅನುಮಾನ ಬಂದರೆ 400 ಹಾಕಿ. ನೆಗೆಟಿವ್ ಫಿಲ್ಮು ಹೆಚ್ಚು ಬೆಳಕನ್ನು ತಡೆದುಕೊಳ್ಳುತ್ತೆ, ಕಡಿಮೆ ಬೆಳಕನ್ನು ಕ್ಷಮಿಸಲ್ಲ. ಅವಧಿ ಮುಗಿದ ಫಿಲ್ಮು ಮೊದಲ ರೀಲಿಗೆ ಬೇಡ. ಫೋಟೋ ಮಸುಕಾದರೆ ತಪ್ಪು ಫಿಲ್ಮಿನದಾ ಕ್ಯಾಮೆರಾದ್ದಾ ಅಂತ ಗೊತ್ತಾಗಲ್ಲ.

ಲೆನ್ಸ್ ಸುತ್ತ ನಾಲ್ಕು ಚಿತ್ರ ಇವೆ: ಒಬ್ಬ ಮನುಷ್ಯ, ಮೂವರು, ಗುಂಪು, ಬೆಟ್ಟ. ಸುಮಾರು 1 ಮೀಟರ್, 2, 6, ಆಮೇಲೆ 10ರಿಂದ ಆಚೆ. ನೋಡುವ ಕಿಂಡಿಯಲ್ಲಿ ಫೋಕಸ್ ಗೊತ್ತಾಗಲ್ಲ, ಹೆಜ್ಜೆ ಹಾಕಿ ಅಳೆಯಬೇಕು. ಹತ್ತಿರದಿಂದ ತೆಗೆಯುವಾಗ ಕಿಂಡಿ ಮೇಲಿದೆ, ಲೆನ್ಸ್ ಕೆಳಗಿದೆ ಅನ್ನೋದು ನೆನಪಿರಲಿ. ತಲೆ ಕತ್ತರಿಸಿ ಹೋಗದ ಹಾಗೆ ಕ್ಯಾಮೆರಾ ಒಂಚೂರು ಮೇಲಕ್ಕೆತ್ತಿ.

ನನಗೆ ಈ ಕ್ಯಾಮೆರಾ ಮೇಲೆ ಪ್ರೀತಿ ಹುಟ್ಟಿಸಿದ ಫೋಟೋದ ವಿಷಯ ಹೇಳ್ತೀನಿ, ಒಂದರ ಮೇಲೊಂದು ಎರಡು ಫೋಟೋ ಬೀಳಿಸೋದು ಹೇಗೆ ಅಂತಲೂ ತಿಳಿಯುತ್ತೆ. ಹೊಲ್ಗಾದಲ್ಲಿ ಫಿಲ್ಮು ತಿರುಗಿಸದೇ ಇದ್ದರೂ ಶಟರ್ ಬೀಳುತ್ತೆ, ತಡೆಯೋ ವ್ಯವಸ್ಥೆ ಇಲ್ಲ. ಬಸವನಗುಡಿ ಕಡಲೆಕಾಯಿ ಪರಿಷೆ, ಕಾರ್ತಿಕ ಮಾಸದ ಕೊನೇ ಸೋಮವಾರ. ಮಧ್ಯಾಹ್ನ ಬುಲ್ ಟೆಂಪಲ್ ರಸ್ತೆಯಲ್ಲಿ ಗೋಣಿ ಹಾಸಿ ಕಡಲೆಕಾಯಿ ರಾಶಿ ಹಾಕಿಕೊಂಡಿದ್ದ ಒಬ್ಬ ಅಮ್ಮ, ಸೇರು ಎತ್ತಿ ಗಿರಾಕಿ ಚೀಲಕ್ಕೆ ಸುರಿದು, ಖಾಲಿ ಸೇರನ್ನು ನನ್ನ ಕಡೆ ತಿರುಗಿಸಿ ನಕ್ಕರು. ಒಂದು ಕ್ಲಿಕ್. ಅಷ್ಟರಲ್ಲಿ ಜನ ನೂಕಿದರು, ಕ್ಯಾಮೆರಾ ಚೀಲಕ್ಕೆ ಹೋಯಿತು. ಕತ್ತಲಾದ ಮೇಲೆ ತೆಗೆದು, ಕೆಳಗಿನ ಗುಂಡಿಯನ್ನು ಬಿ ಕಡೆ (ಅಲ್ಲಿ ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುತ್ತೆ) ಸರಿಸಿ, ಕಾಂಪೌಂಡ್ ಗೋಡೆ ಮೇಲೆ ಇಟ್ಟು, ರಸ್ತೆಯುದ್ದಕ್ಕೂ ಕಟ್ಟಿದ್ದ ಸೀರಿಯಲ್ ದೀಪಗಳನ್ನು ಎರಡು ಸೆಕೆಂಡು ಒತ್ತಿ ಹಿಡಿದು ತೆಗೆದೆ. ನಡುವೆ ತಿರುಗಿಸಿಯೇ ಇರಲಿಲ್ಲ.

ತೊಳೆದು ಬಂದಾಗ ಆ ಅಮ್ಮನ ಮುಖ, ಬಿಳಿ ಗೋಣಿ, ಆಕಾಶ ಎಲ್ಲ ಹಾಗೇ ಇದ್ದವು. ಅವರ ಕೈಯಲ್ಲಿದ್ದ ಖಾಲಿ ಸೇರಿನೊಳಗೆ ಮಾತ್ರ ದೀಪಗಳು ತುಂಬಿಕೊಂಡಿದ್ದವು. ಕಾರಣ ಸರಳ. ಮೊದಲ ಫೋಟೋದಲ್ಲಿ ಬೆಳಕು ಬಿದ್ದ ಜಾಗ ಫಿಲ್ಮಿನಲ್ಲಿ ಆಗಲೇ ಭರ್ತಿಯಾಗಿರುತ್ತೆ, ಎರಡನೆಯದು ಅಲ್ಲಿ ಕಾಣಲ್ಲ. ಕತ್ತಲಿದ್ದ ಕಡೆ ಮಾತ್ರ ಎರಡನೆಯದಕ್ಕೆ ಜಾಗ. ಸೇರಿನ ಒಳಗೆ ನೆರಳಿತ್ತು, ದೀಪ ಅಲ್ಲಿ ಕೂತವು. ಈಗ ಬೇಕಂತಲೇ ಹೀಗೆ ತೆಗೆಯುವಾಗ ಮೊದಲ ಕ್ಲಿಕ್ಕಿನಲ್ಲಿ ನೆರಳು ಎಲ್ಲಿದೆ ಅಂತ ನೋಡಿ ನೆನಪಿಟ್ಟುಕೊಳ್ತೀನಿ. ಬಾಗಿಲ ಒಳಗಿನ ಕತ್ತಲು, ಕಪ್ಪು ಕೊಡೆ, ಕೂದಲು, ಇವೆಲ್ಲ ಒಳ್ಳೆ ಜಾಗ. ಮುಂದಿನ ವರ್ಷ ಪರಿಷೆಗೆ ಪ್ರಿಂಟ್ ತಗೊಂಡು ಹೋದೆ. ಅದೇ ಜಾಗದಲ್ಲಿ ಸಿಕ್ಕರು. ಮುಖ ಮಸುಕಾಗಿದ್ದರಿಂದ ಮೊದಲು ಯಾರೋ ಏನೋ ಅಂದುಕೊಂಡರು. ಆಮೇಲೆ ಬೆರಳಿಟ್ಟು, "ಇದು ನಮ್ಮ ಸೇರು ಕಣಪ್ಪಾ, ಇಲ್ಲಿ ತಗ್ಗು ಬಿದ್ದಿದೆ ನೋಡು" ಅಂದರು.

ಆದರೆ ಅದೇ ರೀಲಿನಲ್ಲಿ ನಾಲ್ಕು ಫ್ರೇಮು ಅಲುಗಾಡಿ ಹೋಗಿದ್ದವು, ಗುಂಡಿ ಬಿಯಲ್ಲೇ ಉಳಿದಿತ್ತು. ಹಗಲಲ್ಲಿ ಅದನ್ನು ಎನ್ ಕಡೆ, ಅಂದರೆ ಮಾಮೂಲಿ ವೇಗಕ್ಕೆ, ತಳ್ಳಿ, ಅದರ ಮೇಲೂ ಒಂದು ತುಂಡು ಟೇಪು ಹಚ್ಚಿಬಿಡಿ.

ತೊಳೆಸೋಕೆ ಕೊಡುವಾಗ ಬಾಯಲ್ಲಿ ಹೇಳಿದರೆ ಸಾಲದು, ಚೀಟಿ ಬರೆದು ರೀಲಿಗೆ ರಬ್ಬರ್ ಬ್ಯಾಂಡ್ ಹಾಕಿ: "ಎಲ್ಲಾ ಫ್ರೇಮ್ ಸ್ಕ್ಯಾನ್ ಮಾಡಿ, ಅಂಚು ಕತ್ತರಿಸಬೇಡಿ, ಬಣ್ಣ ತಿದ್ದಬೇಡಿ, ನೆಗೆಟಿವ್ ವಾಪಸ್ ಕೊಡಿ." ಒಂದು ಕಡೆ ನನ್ನ ಎರಡನೇ ರೀಲಿನಲ್ಲಿ ಒಂದರ ಮೇಲೊಂದು ಹತ್ತಿದ್ದ ಐದು ಫ್ರೇಮನ್ನು 'ಹಾಳಾಗಿದೆ' ಅಂತ ಸ್ಕ್ಯಾನೇ ಮಾಡದೆ ಬಿಟ್ಟರು, ಉಳಿದವುಗಳ ಕಪ್ಪು ಮೂಲೆ ಬೆಳಗಿಸಿ ಕೊಟ್ಟರು. ಅವರ ಲೆಕ್ಕದಲ್ಲಿ ಅದು ಒಳ್ಳೆ ಕೆಲಸವೇ. ನಮಗೆ ಬೇಕಾದದ್ದು ನಾವು ಹೇಳಬೇಕು. ಫಿಲ್ಮು ಹಿಡಿದು ವಿಮಾನ ಹತ್ತೋದಾದರೆ ಹೊಸ ಸಿಟಿ ಸ್ಕ್ಯಾನ್ ಮೆಷಿನ್ನಿಗೆ ಹಾಕಬೇಡಿ, ಫಿಲ್ಮಿಗೆ ಹಾನಿ. ಕೈಯಲ್ಲೇ ಪರೀಕ್ಷಿಸಿ ಅಂತ ಕೇಳಿಕೊಳ್ಳಿ.

ಕಪ್ಪು-ಬಿಳುಪು ರೀಲಾದರೆ ಮನೆಯಲ್ಲೇ ಕಾಫಿಯಲ್ಲಿ ತೊಳೆಯಬಹುದು, ಇದಕ್ಕೆ ಕೆಫೆನಾಲ್ ಅಂತಾರೆ. ಒಂದು ಲೀಟರ್ ನೀರಿಗೆ 54 ಗ್ರಾಂ ವಾಷಿಂಗ್ ಸೋಡಾ, 16 ಗ್ರಾಂ ವಿಟಮಿನ್ ಸಿ ಪುಡಿ, 40 ಗ್ರಾಂ ಇನ್‌ಸ್ಟಂಟ್ ಕಾಫಿ, 20 ಡಿಗ್ರಿಯಲ್ಲಿ 15 ನಿಮಿಷ. ಅಡುಗೆ ಸೋಡಾ ನಡೆಯಲ್ಲ. 54 ಗ್ರಾಂ ಅನ್ನೋದು ನೀರಿನಂಶ ಇಲ್ಲದ ಪುಡಿ ಸೋಡಾದ ಲೆಕ್ಕ. ಅಂಗಡಿಯಲ್ಲಿ ಕಲ್ಲುಸಕ್ಕರೆ ಥರದ ಹರಳು ಸೋಡಾ ಕೊಟ್ಟರೆ ಅದು 146 ಗ್ರಾಂ ಬೇಕಾಗುತ್ತೆ, ನನ್ನ ಮೊದಲ ಪ್ರಯತ್ನದಲ್ಲಿ ನೆಗೆಟಿವ್ ಗಾಜಿನ ಹಾಗೆ ತಿಳಿಯಾಗಿ, ಚಿತ್ರ ಸರಿಯಾಗಿ ಮೂಡದೆ ಬಂದದ್ದು ಇದರಿಂದಲೇ. ನಮ್ಮ ಫಿಲ್ಟರ್ ಕಾಫಿ ಪುಡಿ ಬೇಡ, ಒಂದೊಂದರಲ್ಲಿ ಚಿಕೋರಿ ಒಂದೊಂದು ಪ್ರಮಾಣ, ಅಳತೆ ಕೈಗೆ ಸಿಗಲ್ಲ. ನಮ್ಮ ನಲ್ಲಿ ನೀರು ಬೇಸಿಗೆಯಲ್ಲಿ 20 ಡಿಗ್ರಿಗೆ ಇಳಿಯೋದಿಲ್ಲ, ಪಾತ್ರೆಯನ್ನು ಐಸ್ ಹಾಕಿದ ಬೇಸಿನ್‌ನಲ್ಲಿಟ್ಟು ತಣಿಸಿ. ಕೊನೆಗೆ ಫಿಕ್ಸರ್ (ಮೂಡಿದ ಚಿತ್ರ ಹಾಗೇ ಉಳಿಯೋಕೆ ಹಾಕುವ ರಾಸಾಯನಿಕ) ಮಾತ್ರ ಕೊಂಡೇ ತರಬೇಕು. ವಾಸನೆ ಕೆಟ್ಟದಾಗಿರುತ್ತೆ, ಕಿಟಕಿ ತೆಗೆದಿಡಿ.

ಮೊದಲ ರೀಲಿನ 12 ಫೋಟೋಗೆ ಎಲ್ಲೂ ದೂರ ಹೋಗಬೇಡಿ. ನಿಮ್ಮ ಬೀದಿಯಲ್ಲೇ ತೆಗೀರಿ. ಒಂದೇ ಗೇಟು, ಒಂದೇ ಮರ, ಮನೆಯವರೊಬ್ಬರ ಮುಖ. ಬೆಳಿಗ್ಗೆ, ನೆತ್ತಿ ಬಿಸಿಲಲ್ಲಿ, ಸಂಜೆ. ಒಂದು ಮೀಟರಿನಿಂದ, ಆರು ಮೀಟರಿನಿಂದ. ಎರಡು ಫ್ರೇಮನ್ನು ಬೇಕಂತಲೇ ಸೂರ್ಯನಿಗೆ ಮುಖ ಮಾಡಿ. ಒಂದನ್ನು ಸುತ್ತಿದ ಮೇಲೆ ಹತ್ತು ನಿಮಿಷ ಬಿಸಿಲಲ್ಲಿಟ್ಟು ಆಮೇಲೆ ಕ್ಲಿಕ್ ಮಾಡಿ. ಪ್ರತಿಯೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ: ನಂಬರ್, ಹೊತ್ತು, ದೂರ, ಸೂರ್ಯ ಯಾವ ಕಡೆ. ಸ್ಕ್ಯಾನ್ ಬಂದ ಮೇಲೆ ಆ ಪುಟದ ಫೋಟೋ ಸಮೇತ 12ನ್ನೂ ಇಲ್ಲಿ ಹಾಕಿ. ನಿಮ್ಮ ಡಬ್ಬಿ ಎಲ್ಲಿ ಸೋರುತ್ತೆ ಅಂತ ಕೂತು ನೋಡೋಣ.