ಡಿಎಲ್ ಅವಧಿ ಮುಗಿದಿದ್ದಾಗ ಆಕ್ಸಿಡೆಂಟ್ ಆದರೆ ಇನ್ಶೂರೆನ್ಸ್ ಸಿಗುತ್ತಾ?

ನೀವು ಕೇಳಿದ್ದು ಇಷ್ಟು: ಡಿಎಲ್ ಅವಧಿ ಮುಗಿದು ಮೂರು ತಿಂಗಳಾಗಿತ್ತು, ಗಮನಿಸಿರಲಿಲ್ಲ. ತುಮಕೂರು ರಸ್ತೆಯಲ್ಲಿ ನಿಮ್ಮ ಕಾರು ಬೈಕಿಗೆ ಗುದ್ದಿ ಸವಾರರ ಕಾಲು ಮುರಿದಿದೆ. ಕಾರಿನ ಮುಂಭಾಗವೂ ಜಖಂ ಆಗಿದೆ. ಈಗ ರಿನ್ಯೂ ಮಾಡಿಸಿ ಕ್ಲೇಮ್ ಹಾಕಬಹುದಾ? ಇಲ್ಲ ಅಂದರೆ, ಹೆಂಡತಿ ಓಡಿಸುತ್ತಿದ್ದರು ಅಂತ ಬರೆಸಬಹುದಾ?

ನಾನು ಒಂದು ಗ್ಯಾರೇಜಿನಲ್ಲಿ ಇನ್ಶೂರೆನ್ಸ್ ಕ್ಲೇಮಿನ ಕಾಗದಪತ್ರ ನೋಡಿಕೊಳ್ಳುತ್ತೇನೆ. ಈ ಎರಡನೇ ಪ್ರಶ್ನೆ ಆಗಾಗ ಬರುತ್ತದೆ. ಅದಕ್ಕೇ ಮೊದಲು ಉತ್ತರ ಕೊಡುತ್ತೇನೆ.

ದಯವಿಟ್ಟು ಹೆಂಡತಿಯ ಹೆಸರು ಬರೆಸಬೇಡಿ. ಒಬ್ಬರಿಗೆ ಪೆಟ್ಟಾಗಿದೆ ಅಂದರೆ ಆಗಲೇ ಪೊಲೀಸ್ ಕೇಸ್ ಇರುತ್ತದೆ. ಗಾಡಿ ಯಾರು ಓಡಿಸುತ್ತಿದ್ದರು ಅಂತ ತಿಳಿಸಲು ಮಾಲೀಕರಿಗೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 133ರಡಿ ನೋಟಿಸ್ ಬರುತ್ತದೆ. ಆಸ್ಪತ್ರೆಯ ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಿಸಿದ ಗಾಯದ ದಾಖಲೆ), ಸ್ಪಾಟ್ ಮಹಜರ್ (ಪೊಲೀಸರು ಅಪಘಾತದ ಜಾಗ ನೋಡಿ ಬರೆಯುವ ವರದಿ), ಗಾಯಾಳುವಿನ ಹೇಳಿಕೆ, ಟೋಲ್ ಕ್ಯಾಮೆರಾ, ಇಷ್ಟರಲ್ಲಿ ಎಲ್ಲೋ ಒಂದು ಕಡೆ ಸುಳ್ಳು ಸಿಕ್ಕಿಬೀಳುತ್ತದೆ. ಸಿಕ್ಕಿಬೀಳದಿದ್ದರೆ ಇನ್ನೂ ಕಷ್ಟ, ಏಕೆಂದರೆ ಆಗ ಅಜಾಗರೂಕ ಚಾಲನೆಯ ಕ್ರಿಮಿನಲ್ ಕೇಸಿನಲ್ಲಿ ಆರೋಪಿಯಾಗಿ ಕೋರ್ಟಿಗೆ ಅಲೆಯುವವರು ನಿಮ್ಮ ಹೆಂಡತಿ. ಬಂಪರ್, ಹೆಡ್‌ಲೈಟ್, ರೇಡಿಯೇಟರ್ ಖರ್ಚು ಉಳಿಸಲು ಮನೆಯವರನ್ನು ಆ ಕಟಕಟೆಗೆ ಹತ್ತಿಸಬೇಡಿ. ಡ್ರೈವರ್ ಹೆಸರು ಬದಲಾಗಿದೆ ಅಂತ ಕಂಪನಿಗೆ ಗೊತ್ತಾದರೆ, ಸತ್ಯ ಹೇಳಿದ್ದರೆ ಕೇಳಬಹುದಾಗಿದ್ದ ಅಲ್ಪಸ್ವಲ್ಪವೂ ಹೋಗುತ್ತದೆ.

ಈಗ ರಿನ್ಯೂವಲ್ ವಿಷಯ. ಅವಧಿ ಮುಗಿದ ಮೇಲೂ 30 ದಿನ ಡಿಎಲ್ ನಡೆಯುತ್ತದೆ ಅಂತ ಹೇಳುವವರು ಇವತ್ತಿಗೂ ಇದ್ದಾರೆ. ಹಳೆಯ ಕಾಯ್ದೆಯಲ್ಲಿ ಹಾಗಿದ್ದದ್ದು ನಿಜ. 2019ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಅವಧಿ ಮುಗಿದ ಒಂದು ವರ್ಷದೊಳಗೆ ಡ್ರೈವಿಂಗ್ ಟೆಸ್ಟ್ ಇಲ್ಲದೆ ರಿನ್ಯೂ ಮಾಡಿಸಬಹುದು, ಅಷ್ಟೇ. ಈ ಒಂದು ವರ್ಷವನ್ನು ಗಾಡಿ ಓಡಿಸಲು ಕೊಟ್ಟ ಸಮಯ ಅಂತ ತುಂಬಾ ಜನ ತಪ್ಪು ತಿಳಿದಿದ್ದಾರೆ. ಅದು ಅರ್ಜಿ ಹಾಕಲು ಕೊಟ್ಟ ಸಮಯ. ರಿನ್ಯೂ ಆದ ಡಿಎಲ್ ಆ ದಿನದಿಂದ ಮುಂದಕ್ಕೆ ನಡೆಯುತ್ತದೆ, ಹಿಂದಿನ ಮೂರು ತಿಂಗಳನ್ನು ಮುಚ್ಚುವುದಿಲ್ಲ. ಈಶ್ವರ್ ಚಂದ್ರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2007ರಲ್ಲೇ ಇದನ್ನು ಹೇಳಿದೆ: ತಡವಾಗಿ ಅರ್ಜಿ ಹಾಕಿ ರಿನ್ಯೂ ಮಾಡಿಸಿದ್ದರೆ, ಅಪಘಾತದ ದಿನ ಲೈಸೆನ್ಸ್ ಇರಲಿಲ್ಲ ಅಂತಲೇ ಲೆಕ್ಕ. ಕಂಪನಿಯವರು ಡಿಎಲ್ ದಾಖಲೆಗಳಿರುವ ಸರ್ಕಾರದ ಸಾರಥಿ ವೆಬ್‌ಸೈಟಿನಲ್ಲಿ ನಿಮ್ಮ ಡಿಎಲ್ ನಂಬರ್ ಹಾಕಿ ನೋಡುತ್ತಾರೆ. ಹೊಸ ಕಾರ್ಡ್ ತೋರಿಸಿದರೆ ಅವರು ಸುಮ್ನೆ ನಂಬಿಬಿಡುವುದಿಲ್ಲ.

ಹಾಗಾಗಿ ನಿಮ್ಮ ಕಾರಿನ ರಿಪೇರಿ, ಅಂದರೆ ಓನ್ ಡ್ಯಾಮೇಜ್ ಕ್ಲೇಮ್, ಬಹುತೇಕ ರಿಜೆಕ್ಟ್ ಆಗುತ್ತದೆ. ಅಪಘಾತದ ಹೊತ್ತಿಗೆ ಓಡಿಸುತ್ತಿದ್ದವರ ಬಳಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು ಅಂತ ಪಾಲಿಸಿಯಲ್ಲೇ ಬರೆದಿರುತ್ತದೆ. ಮಾಲೀಕರಿಗೇ ಏನಾದರೂ ಆದರೆ ಸಿಗುವ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್‌ಗೂ ಇದೇ ಷರತ್ತು. ನಿಮಗೆ ಪೆಟ್ಟಾಗಿಲ್ಲ ಅನ್ನುವುದು ದೊಡ್ಡ ಸಮಾಧಾನ. ಷರತ್ತು ಮುರಿದರೂ 75 ಪರ್ಸೆಂಟ್ ಕೊಡಿಸಿದ ತೀರ್ಪು ಇದೆ ಅಂತ ಕೆಲವರು ಹೇಳುತ್ತಾರೆ. ಅದು 2010ರ ಅಮಲೇಂದು ಸಾಹೂ ಕೇಸ್. ಅಲ್ಲಿ ಸ್ವಂತ ಬಳಕೆಯ ಕಾರನ್ನು ಬಾಡಿಗೆಗೆ ಓಡಿಸಿದ ತಕರಾರಿತ್ತು, ಲೈಸೆನ್ಸಿನದಲ್ಲ. ಗ್ರಾಹಕರ ಆಯೋಗದಲ್ಲಿ ಅದನ್ನಿಟ್ಟು ವಾದ ಮಾಡಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ.

ಬೈಕ್ ಸವಾರರ ಪರಿಹಾರದ ದಾರಿಯೇ ಬೇರೆ. ನನ್ನ ಮಟ್ಟಿಗೆ ಇಡೀ ಕಾಯ್ದೆಯಲ್ಲಿ ಅತ್ಯಂತ ನ್ಯಾಯವಾದ ಭಾಗ ಇದು. ನಿಮ್ಮ ಡಿಎಲ್ ಮುಗಿದಿದ್ದಕ್ಕೆ ರಸ್ತೆಯಲ್ಲಿ ಬಿದ್ದವರು ಯಾಕೆ ಕೈ ಖಾಲಿ ಕೂರಬೇಕು, ಅಲ್ವಾ? 2004ರ ಸ್ವರಣ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ವಿವರವಾಗಿ ನೋಡಿದೆ. ಅದರ ಮೇಲೆ ಟ್ರಿಬ್ಯೂನಲ್‌ಗಳು (ಅಪಘಾತ ಪರಿಹಾರದ ಕೇಸು ನೋಡುವ ನ್ಯಾಯಮಂಡಳಿಗಳು) ಸಾಮಾನ್ಯವಾಗಿ ಕಂಪನಿಗೆ ಹೇಳುವುದು: ಗಾಯಾಳುವಿಗೆ ಮೊದಲು ನೀವು ಕೊಡಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಿ. ಮಾಲೀಕರು ಗೊತ್ತಿದ್ದೋ ಅಸಡ್ಡೆಯಿಂದಲೋ ಷರತ್ತು ಮುರಿದರು ಅಂತ ತೋರಿಸುವ ಹೊಣೆ ಕಂಪನಿಯದು. ಡ್ರೈವರ್ ಇಟ್ಟುಕೊಂಡವರಿಗೆ ಇಲ್ಲಿ ಸ್ವಲ್ಪ ರಕ್ಷಣೆ ಇದೆ. ಆದರೆ ಡ್ರೈವರ್ ಡಿಎಲ್ ರಿನ್ಯೂ ಆಗಿದೆಯಾ ಅಂತ ನೋಡುತ್ತಿರಬೇಕಾದ್ದು ಮಾಲೀಕರ ಕೆಲಸ ಅಂತ 2020ರ ಬೇಲಿ ರಾಮ್ ಕೇಸಿನಲ್ಲಿ ಕೋರ್ಟ್ ಹೇಳಿದೆ. ನೀವೋ, ಮಾಲೀಕರೂ ನೀವೇ, ಓಡಿಸಿದವರೂ ನೀವೇ. ನನಗೆ ಗೊತ್ತಿರಲಿಲ್ಲ ಅನ್ನುವ ಮಾತು ನಿಲ್ಲುವುದು ಕಷ್ಟ.

ಹಾಗಾಗಿ ಕೊನೆಗೆ ಆ ಹಣ ನಿಮ್ಮ ಮೇಲೆ ಬರುವ ಸಾಧ್ಯತೆ ಜಾಸ್ತಿ. ಇನ್ಶೂರೆನ್ಸ್ ಇದೆಯಲ್ಲ, ಅವರೇ ನೋಡಿಕೊಳ್ಳುತ್ತಾರೆ ಅಂತ ಮಾಲೀಕರು ಟ್ರಿಬ್ಯೂನಲ್‌ಗೆ ಹೋಗುವುದೇ ಇಲ್ಲ. ಎಕ್ಸ್‌ಪಾರ್ಟಿ ಆಗಿ, ಅಂದರೆ ಮಾಲೀಕರ ಮಾತು ಕೇಳದೆಯೇ, ಆದೇಶ ಬರುತ್ತದೆ, ವರ್ಷಗಳ ಮೇಲೆ ವಸೂಲಿ ನೋಟಿಸ್ ಮನೆಗೆ ಬರುತ್ತದೆ. ಸಮನ್ಸ್ ಬಂದ ದಿನವೇ ನಿಮ್ಮದೇ ವಕೀಲರನ್ನು ಹಿಡಿಯಿರಿ. ನಿಮ್ಮ ಹಿತ ಮತ್ತು ಕಂಪನಿಯ ಹಿತ ಇಲ್ಲಿ ಒಂದೇ ಅಲ್ಲ, ಅವರ ವಕೀಲರು ನಿಮ್ಮ ಪರ ಮಾತಾಡುವುದಿಲ್ಲ. ತಪ್ಪು ಯಾರದು, ಪರಿಹಾರದ ಮೊತ್ತ ಸರಿಯಿದೆಯಾ ಅನ್ನುವುದನ್ನು ನಿಮ್ಮ ಕಡೆಯಿಂದ ಕೇಳಬೇಕು. ಲೋಕ ಅದಾಲತ್‌ನಲ್ಲಿ ಮಾತಾಡಿ ಮುಗಿಸುವ ದಾರಿಯೂ ಇದೆ.

ತಪ್ಪು ಯಾರದು ಅನ್ನುವುದು ಯಾಕೆ ಮುಖ್ಯ ಅಂದರೆ, ಲೈಸೆನ್ಸ್ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಅಪಘಾತ ನಿಮ್ಮಿಂದಲೇ ಆಯಿತು ಅಂತ ಆಗುವುದಿಲ್ಲ. 2008ರ ಸುಧೀರ್ ಕುಮಾರ್ ರಾಣಾ ಕೇಸಿನಲ್ಲಿ ಲೈಸೆನ್ಸ್ ಇಲ್ಲದ ಹುಡುಗನ ಮೇಲೂ ಅಷ್ಟಕ್ಕೇ ತಪ್ಪು ಹೊರಿಸಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬೈಕ್ ನಿಜಕ್ಕೂ ರಾಂಗ್ ಸೈಡಿನಲ್ಲಿ ಬಂದಿದ್ದರೆ ಅದಕ್ಕೆ ಸಾಕ್ಷಿ ಈಗಲೇ ಹಿಡಿದಿಡಿ. ಡ್ಯಾಶ್‌ಕ್ಯಾಮ್, ಅಕ್ಕಪಕ್ಕದ ಅಂಗಡಿಯ ಸಿಸಿಟಿವಿ ದೃಶ್ಯ ಬೇಗ ಅಳಿಸಿಹೋಗುತ್ತವೆ.

ಕಂಪನಿಗೆ ಅಪಘಾತದ ವಿಷಯ ಇನ್ನೂ ತಿಳಿಸಿಲ್ಲದಿದ್ದರೆ ಇವತ್ತೇ ತಿಳಿಸಿ. ಓನ್ ಡ್ಯಾಮೇಜ್ ಸಿಗುವುದಿಲ್ಲ ಅಂತ ಸುಮ್ಮನಿದ್ದುಬಿಡಬೇಡಿ, ಥರ್ಡ್ ಪಾರ್ಟಿ ಕೇಸಿಗೂ, ಅಂದರೆ ಬೈಕ್ ಸವಾರರ ಪರಿಹಾರದ ಕೇಸಿಗೂ, ಅದು ಬೇಕು. ರಿಜೆಕ್ಟ್ ಮಾಡಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಅದು ಸರಿಯಲ್ಲ ಅನ್ನಿಸಿದರೆ ಕಂಪನಿಗೆ ಲಿಖಿತ ದೂರು ಕೊಟ್ಟು, ಆಮೇಲೆ ಬೆಂಗಳೂರಿನ ಇನ್ಶೂರೆನ್ಸ್ ಒಂಬಡ್ಸ್‌ಮನ್ (ಕಂಪನಿಗಳ ಮೇಲಿನ ಗ್ರಾಹಕರ ದೂರು ಬಗೆಹರಿಸುವ ಅಧಿಕಾರಿ) ಕಚೇರಿಗೆ ಹೋಗಬಹುದು. ಅಲ್ಲಿ ಫೀಸ್ ಇಲ್ಲ.

ರಿನ್ಯೂವಲ್ ಅರ್ಜಿಯನ್ನೂ ತಡಮಾಡದೆ ಹಾಕಿ. ವಯಸ್ಸು 40 ದಾಟಿದ್ದರೆ ಫಾರ್ಮ್ 1ಎ ವೈದ್ಯಕೀಯ ಸರ್ಟಿಫಿಕೇಟ್ ಬೇಕಾಗುತ್ತದೆ. ಹೊಸ ಡಿಎಲ್ ಬರುವವರೆಗೆ ಕಾರು ರಿಪೇರಿಯಾಗಿ ಬಂದರೂ ನೀವು ಓಡಿಸಬೇಡಿ.